ಬೆಂಕಿಪೊಟ್ಟಣದ ಛಂದಸ್ಸು

ಇಂಗ್ಲೆಂಡಿನ ಒಂದು ಶಾಲೆಯಲ್ಲಿ ಮಕ್ಕಳಿಗೊಂದು ನಿಯಮವಿತ್ತಂತೆ: ಮನೆಯಿಂದ ಆಟಿಕೆ ತರಬಹುದು, ಆದರೆ ಅದು ಬೆಂಕಿಪೊಟ್ಟಣದೊಳಗೆ ಹಿಡಿಸುವಷ್ಟು ಚಿಕ್ಕದಿರಬೇಕು. ಆ ಶಾಲೆಗೆ ಹೋಗುತ್ತಿದ್ದ ತನ್ನ ಮಗಳಿಗೆ ಜ್ಯಾಕ್ ಓಡೆಲ್ ಎಂಬ ಎಂಜಿನಿಯರು ಹಿತ್ತಾಳೆಯಲ್ಲಿ ಪುಟ್ಟದೊಂದು ರೋಡ್ ರೋಲರ್ ಮಾಡಿಕೊಟ್ಟ. ಅವಳ ಗೆಳತಿಯರಿಗೆಲ್ಲ ಅಂಥದ್ದೇ ಬೇಕಾಯಿತು. ಓಡೆಲ್ ಪಾಲುದಾರನಾಗಿದ್ದ ಲೆಸ್ನಿ ಕಂಪನಿ 1953ರಲ್ಲಿ ಅದನ್ನು ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು, ಬಣ್ಣ ಬಳಿದು, ಬೆಂಕಿಪೊಟ್ಟಣದಂಥದ್ದೇ ರಟ್ಟಿನ ಡಬ್ಬಿಯಲ್ಲಿಟ್ಟು ಮಾರಿತು. ಮ್ಯಾಚ್‌ಬಾಕ್ಸ್ ಎಂಬ ಹೆಸರು ಹುಟ್ಟಿದ್ದು ಹೀಗೆ.

ಆಟಿಕೆ ಕಾರು ಕೂಡಿಡುವವರ ನಡುವೆ ಇದು ಹೇಳಿ ಹೇಳಿ ಸವೆದ ಕಥೆ. ಅವರು ಇದನ್ನು ಅಪ್ಪ-ಮಗಳ ಕಥೆಯಾಗಿ ಹೇಳುತ್ತಾರೆ. ನನಗೆ ಆಸಕ್ತಿ ಇರುವುದು ಆ ನಿಯಮದಲ್ಲಿ. ಕೃತಿಗಿಂತ ಮೊದಲು ಅಳತೆ ಬಂತು. ಪದ್ಯ ಕಟ್ಟಿದವರಿಗೆ ಇದು ಗೊತ್ತಿರುವ ಅನುಭವವೇ.

ಡೈಕಾಸ್ಟ್ ಕಾರುಗಳನ್ನು ಕೂಡಿಡಲು ಶುರುಮಾಡಿ ನನಗೆ ಹನ್ನೆರಡು ವರ್ಷವಾಯಿತು. ಇನ್ನೂರೈವತ್ತರ ಆಸುಪಾಸು ಇವೆ. ಸಾಹಿತ್ಯದ ಗೆಳೆಯರು ಮನೆಗೆ ಬಂದರೆ ಪುಸ್ತಕದ ಕಪಾಟಿನ ಮುಂದೆ ನಿಂತು ಮಾತಾಡುತ್ತಾರೆ, ಪಕ್ಕದ ಕಪಾಟಿನ ಮುಂದೆ ನಿಂತು ನಗುತ್ತಾರೆ. ‘ಇದೂ ಒಂದು ಥರ ಓದೇ ಕಣ್ರೀ’ ಎಂದು ಎಷ್ಟೋ ಸಲ ಹೇಳಿದ್ದೇನೆ. ಹಾಗೆ ಹೇಳಿ ಚಹಾ ತರಲು ಒಳಗೆ ಹೋಗಿಬಿಡುವುದು ಸುಲಭ. ಆ ಮಾತು ನಿಲ್ಲುತ್ತದೆಯೇ ಎಂದು ಒಮ್ಮೆ ಕೂತು ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ಸಂಗ್ರಹದ ಬಗ್ಗೆ ಬಂದಿರುವ ದೊಡ್ಡ ದೊಡ್ಡ ಬರಹಗಳು ಬಹುಪಾಲು ಸಂಗ್ರಹಿಸುವವನ ಮನಸ್ಸನ್ನು ಶೋಧಿಸುತ್ತವೆ. ಅವನ ಕೈಯಲ್ಲಿರುವ ವಸ್ತುವನ್ನು ತಿರುಗಿಸಿ ನೋಡುವುದಿಲ್ಲ. ನಾನು ವಸ್ತುವಿನಿಂದಲೇ ಶುರುಮಾಡುತ್ತೇನೆ.

ಈ ಕಾರುಗಳ ಅಳತೆಯನ್ನು 1:64 ಎಂದು ಹೇಳುವುದು ವಾಡಿಕೆ. ನಾಲ್ಕೂವರೆ ಮೀಟರಿನ ನಿಜವಾದ ಕಾರು ಈ ಲೆಕ್ಕದಲ್ಲಿ ಏಳು ಸೆಂಟಿಮೀಟರಿಗೆ ಇಳಿಯುತ್ತದೆ. ಆದರೆ ಇದು ಹೆಸರಿಗೆ ಮಾತ್ರ. ಮ್ಯಾಚ್‌ಬಾಕ್ಸಿನ ಮೊದಲ ಸರಣಿಗಳಲ್ಲಿ ಕಾರು, ಸಿಮೆಂಟ್ ಮಿಕ್ಸರ್, ಲಂಡನ್ನಿನ ಎರಡು ಮಾಳಿಗೆಯ ಬಸ್ಸು ಎಲ್ಲವೂ ಹೆಚ್ಚುಕಡಿಮೆ ಒಂದೇ ಉದ್ದ. ಡಬ್ಬಿ ಅಷ್ಟೇ ಇರುವುದು, ಬಸ್ಸಾದರೂ ಅದರೊಳಗೇ ಕೂರಬೇಕು. ಹಾಗಾಗಿ ಬಸ್ಸು ನೂರಕ್ಕೂ ಹೆಚ್ಚು ಪಟ್ಟು ಕುಗ್ಗಿದರೆ ಪಕ್ಕದ ಕಾರು ಅದರ ಅರ್ಧದಷ್ಟು ಕುಗ್ಗಿರುತ್ತದೆ. ಇದನ್ನು ‘ಬಾಕ್ಸ್ ಸ್ಕೇಲ್’ ಎನ್ನುತ್ತಾರೆ. ಲೋಕದ ಪ್ರಮಾಣವನ್ನು ಬಿಟ್ಟು ಡಬ್ಬಿಯ ಪ್ರಮಾಣಕ್ಕೆ ಒಪ್ಪಿಕೊಳ್ಳುವುದು. ಕಂದಪದ್ಯದಲ್ಲೂ ಹೀಗೆಯೇ ಅಲ್ಲವೇ? ಯುದ್ಧವಾಗಲಿ, ಒಂದು ಹೂವಾಗಲಿ, ಹನ್ನೆರಡು, ಇಪ್ಪತ್ತು, ಹನ್ನೆರಡು, ಇಪ್ಪತ್ತು ಮಾತ್ರೆಗಳಲ್ಲಿ ಮುಗಿಯಬೇಕು. ಕೂಡಿಸಿ ನೋಡಿದರೆ ಕಂದಕ್ಕೂ ಅರವತ್ತನಾಲ್ಕೇ ಮಾತ್ರೆ. ಇದು ಬರೀ ಕಾಕತಾಳೀಯ, ಇದರ ಮೇಲೆ ನಾನೇನೂ ಸಿದ್ಧಾಂತ ಕಟ್ಟುತ್ತಿಲ್ಲ. ಕಾರು ಒರೆಸುವಾಗ ನೆನಪಾಗಿ ನಗು ಬರುತ್ತದೆ, ಅಷ್ಟೇ.

ಅಳತೆ ಕುಗ್ಗಿದಾಗ ಏನಾದರೂ ಬಿಟ್ಟುಹೋಗಲೇಬೇಕು. ಏನನ್ನು ಬಿಡುವುದು ಎನ್ನುವುದರಲ್ಲಿ ವ್ಯಾಖ್ಯಾನವಿದೆ. ಮಾನವಶಾಸ್ತ್ರಜ್ಞ ಲೆವಿ-ಸ್ಟ್ರೌಸ್ 1962ರ ತನ್ನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಕಿರುಮಾದರಿಯ ಬಗ್ಗೆ ಬರೆಯುತ್ತಾನೆ. ದೊಡ್ಡ ವಸ್ತುವನ್ನು ನಾವು ಭಾಗ ಭಾಗವಾಗಿ ತಿಳಿಯುತ್ತ ಹೋಗುತ್ತೇವೆ, ಅದನ್ನೇ ಚಿಕ್ಕದು ಮಾಡಿದಾಗ ಇಡಿಯೇ ಮೊದಲು ಕಣ್ಣಿಗೆ ಬೀಳುತ್ತದೆ ಎಂಬುದು ಅವನ ವಾದ. ಬಹುಪಾಲು ಕಲಾಕೃತಿಗಳು ಒಂದಲ್ಲ ಒಂದು ರೀತಿಯ ಕಿರುಮಾದರಿಗಳೇ ಎನ್ನುವವರೆಗೂ ಅವನು ಹೋಗುತ್ತಾನೆ. ಇದನ್ನು ಓದಿದ ಮೇಲೆ ನಾನು ಕಾರುಗಳನ್ನು ನೋಡುವ ರೀತಿ ಬದಲಾಯಿತು. ಒಳ್ಳೆಯ ವಿನ್ಯಾಸಕಾರ ಬಾಗಿಲಿನ ಹಿಡಿಕೆ ಬಿಡುತ್ತಾನೆ, ವೈಪರ್ ಬಿಡುತ್ತಾನೆ, ಚಕ್ರವನ್ನು ಇರಬೇಕಾದ್ದಕ್ಕಿಂತ ದೊಡ್ಡದು ಮಾಡುತ್ತಾನೆ. ಬಾನೆಟ್ಟಿನ ಮೇಲಿನ ಒಂದು ಗೆರೆಯನ್ನು ಮಾತ್ರ ಬಿಡುವುದಿಲ್ಲ, ಯಾಕೆಂದರೆ ಆ ಗೆರೆ ಹೋದರೆ ಅದು ಯಾವ ಕಾರು ಎಂಬುದೇ ಹೋಗುತ್ತದೆ. ಕೆಟ್ಟ ವಿನ್ಯಾಸಕಾರ ಎಲ್ಲವನ್ನೂ ಉಳಿಸಿಕೊಳ್ಳಲು ಹೋಗಿ ಕಾರನ್ನೇ ಕಳೆದುಕೊಳ್ಳುತ್ತಾನೆ. ಮೂಲಕ್ಕೆ ಪದಪದಕ್ಕೂ ನಿಷ್ಠವಾಗಿದ್ದು ಒಂದು ಸಾಲೂ ಕಿವಿಯಲ್ಲಿ ನಿಲ್ಲದ ಅನುವಾದಗಳನ್ನು ನಾವು ಓದಿಲ್ಲವೇ, ಹಾಗೆ.

ಕೋರ್ಗಿ ಎಂಬ ಬ್ರಿಟಿಷ್ ಕಂಪನಿ 1965ರಲ್ಲಿ ಜೇಮ್ಸ್ ಬಾಂಡನ ಆಸ್ಟನ್ ಮಾರ್ಟಿನ್ ಕಾರನ್ನು ಮಾಡಿತು. ಸಿನಿಮಾದಲ್ಲಿ ಆ ಕಾರು ಬೆಳ್ಳಿಬಣ್ಣದ್ದು. ಕೋರ್ಗಿ ಅದಕ್ಕೆ ಚಿನ್ನದ ಬಣ್ಣ ಬಳಿಯಿತು. ಬೆಳ್ಳಿಬಣ್ಣ ಬಳಿದರೆ ಬಣ್ಣವನ್ನೇ ಹಚ್ಚದ ಬರಿಯ ಲೋಹದಂತೆ ಕಾಣುತ್ತದೆ ಎಂಬ ಕಾರಣಕ್ಕೆ. ನಿಜದ ಬಣ್ಣ ಆಟಿಕೆಯ ಮೇಲೆ ಸುಳ್ಳಾಗುತ್ತದೆ ಎಂದು ಅವರಿಗೆ ಹೊಳೆದದ್ದನ್ನು ನಾನು ಅನುವಾದದ ತರಗತಿಯೊಂದರಲ್ಲಿ ಪಾಠವಾಗಿ ಇಡಬಲ್ಲೆ. ಆ ವರ್ಷ ಬ್ರಿಟನ್ನಿನಲ್ಲಿ ಎಲ್ಲ ಮಕ್ಕಳೂ ಕೇಳಿದ್ದು ಆ ಚಿನ್ನದ ಕಾರನ್ನೇ.

ಇನ್ನು ಶೈಲಿ. ಮ್ಯಾಚ್‌ಬಾಕ್ಸಿನ ಮೊದಲ ವಾಹನಗಳ ಪಟ್ಟಿ ನೋಡಿದರೆ ರೋಡ್ ರೋಲರ್, ಮಣ್ಣು ಸುರಿಯುವ ಡಂಪರ್, ಸಿಮೆಂಟ್ ಮಿಕ್ಸರ್. ಯುದ್ಧದಲ್ಲಿ ಒಡೆದ ಊರುಗಳನ್ನು ಮತ್ತೆ ಕಟ್ಟುತ್ತಿದ್ದ ದೇಶದ ಮಕ್ಕಳು ಬೀದಿಯಲ್ಲಿ ದಿನವೂ ನೋಡುತ್ತಿದ್ದ ವಾಹನಗಳು ಇವು. ಇದು ವಾಸ್ತವವಾದ, ಅದೂ ತಗ್ಗಿದ ದನಿಯದು. 1968ರಲ್ಲಿ ಅಮೆರಿಕದ ಮ್ಯಾಟೆಲ್ ಕಂಪನಿ ಹದಿನಾರು ಕಾರುಗಳೊಂದಿಗೆ ಹಾಟ್ ವೀಲ್ಸ್ ತಂದಾಗ ಇನ್ನೊಂದು ಲೋಕವೇ ತೆರೆಯಿತು. ಕ್ಯಾಲಿಫೋರ್ನಿಯಾದಲ್ಲಿ ಹುಡುಗರು ತಮ್ಮ ಕಾರುಗಳನ್ನು ಕುಯ್ದು ಕೂಡಿಸಿ ಮಾಡಿಕೊಳ್ಳುತ್ತಿದ್ದ ಅಬ್ಬರದ ರೂಪಗಳು, ಲೋಹ ಹೊಳೆಯುವಂತೆ ಹಚ್ಚಿದ ತೆಳು ಪಾರದರ್ಶಕ ಬಣ್ಣ, ತಂತಿಯಷ್ಟು ಸಪೂರ ಅಚ್ಚುಗೋಲು, ಅದರಿಂದಾಗಿ ಹಳೆಯ ಆಟಿಕೆಗಳು ಕನಸಲ್ಲೂ ಓಡದ ವೇಗ. ಇದು ರಮ್ಯ. ಮ್ಯಾಚ್‌ಬಾಕ್ಸಿನ ಮಾರಾಟ ಅಲುಗಿತು. ಮರುವರ್ಷವೇ ಅವರು ‘ಸೂಪರ್‌ಫಾಸ್ಟ್’ ಎಂಬ ಹೆಸರಿನಲ್ಲಿ ತಮ್ಮ ಸಭ್ಯ ಕಾರುಗಳಿಗೂ ಲಾರಿಗಳಿಗೂ ಓಟದ ಚಕ್ರ ಸಿಕ್ಕಿಸಿದರು. ಆ ಪರಿವರ್ತನೆಯ ಕಾಲದ ಕಾರುಗಳನ್ನು ನೋಡಿದರೆ ಸಂಕಟವಾಗುತ್ತದೆ. ಮನೆಯ ಹಿರಿಯರು ಮೊಮ್ಮಗನ ಬೂಟು ಹಾಕಿಕೊಂಡು ಮದುವೆಗೆ ಹೊರಟಂತೆ. ತನ್ನದಲ್ಲದ ಶೈಲಿಯನ್ನು ಮಾರುಕಟ್ಟೆಗೆ ಹೆದರಿ ತೊಟ್ಟವರ ಗತಿ ಸಾಹಿತ್ಯದಲ್ಲೂ ಇದೇ. ಲೆಸ್ನಿ 1982ರಲ್ಲಿ ದಿವಾಳಿಯಾಯಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು. ಕೈಯಿಂದ ಕೈಗೆ ಹೋದ ಮ್ಯಾಚ್‌ಬಾಕ್ಸ್ 1997ರಲ್ಲಿ ಮ್ಯಾಟೆಲ್ಲಿಗೇ ಸೇರಿತು. ಈಗ ಎರಡೂ ಒಂದೇ ಮನೆಯ ಮಕ್ಕಳು.

ಕಾರನ್ನು ಬೋರಲು ಮಾಡಿ ತಳ ನೋಡುವುದು ಈ ಹವ್ಯಾಸದ ಮುಖ್ಯ ಕೆಲಸ. ಹಾಟ್ ವೀಲ್ಸಿನ ತಳದಲ್ಲಿ ಹೆಸರು, ದೇಶ, ಒಂದು ಇಸವಿ ಇರುತ್ತದೆ. ಹೊಸಬರು ಅದನ್ನು ತಯಾರಾದ ವರ್ಷ ಎಂದುಕೊಳ್ಳುತ್ತಾರೆ. ಅದು ಆ ಅಚ್ಚಿನ ಹಕ್ಕುಸ್ವಾಮ್ಯದ ವರ್ಷ. ಒಂದೇ ಅಚ್ಚು ಹತ್ತಾರು ವರ್ಷ ದುಡಿಯುತ್ತದೆ. ಬಣ್ಣ ಬದಲಾಗುತ್ತದೆ, ಚಕ್ರ ಬದಲಾಗುತ್ತದೆ, ಖರ್ಚು ಉಳಿಸಲು ಲೋಹದ ತಳ ಪ್ಲಾಸ್ಟಿಕ್ ಆಗುತ್ತದೆ, ಅಚ್ಚು ಸವೆದಾಗ ಅಲ್ಲಲ್ಲಿ ತಿದ್ದುಪಡಿಯಾಗುತ್ತದೆ. ನಿಷ್ಠಾವಂತ ಸಂಗ್ರಾಹಕರು ಇಂಥ ಒಂದೊಂದು ವ್ಯತ್ಯಾಸವನ್ನೂ ಬರೆದಿಡುತ್ತಾರೆ. ಇದಕ್ಕೆ ನಮ್ಮಲ್ಲಿ ಬಹಳ ಗೌರವದ ಹೆಸರಿದೆ: ಗ್ರಂಥಸಂಪಾದನೆ. ಓಲೆಗರಿಯ ಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರ ಗುರುತಿಸಿದವರ ಕಣ್ಣಿಗೂ ಇವರ ಕಣ್ಣಿಗೂ ನನಗೆ ದೊಡ್ಡ ಅಂತರ ಕಾಣುವುದಿಲ್ಲ. ಅಂತರ ಇರುವುದು ನೋಡಿದ ಮೇಲೆ ಏನು ಮಾಡುತ್ತಾರೆ ಎನ್ನುವುದರಲ್ಲಿ.

ಅಲ್ಲಿಗೆ ಬರುತ್ತೇನೆ. ಇಂದಿನ ಸಂಗ್ರಹದ ಕೇಂದ್ರದಲ್ಲಿರುವುದು ಕಾರಲ್ಲ, ಕಾರ್ಡು. ಬಣ್ಣದ ರಟ್ಟಿನ ಮೇಲೆ ಪಾರದರ್ಶಕ ಪ್ಲಾಸ್ಟಿಕ್ಕಿನ ಗುಳ್ಳೆಯೊಳಗೆ ಕಾರು ಅಂಟಿಕೊಂಡಿರುತ್ತದೆ. ಅದನ್ನು ಹರಿದರೆ ಬೆಲೆ ಹೋಯಿತು. ರಟ್ಟಿನ ಮೂಲೆ ಮಡಚಿದರೂ ಬೆಲೆ ಇಳಿಯಿತು. ಕಾರ್ಡಿನ ಮೂಲೆಗೆ ಮೆತ್ತೆ ಕಟ್ಟಿ, ಕಾರ್ಡಿಗೇ ಇನ್ನೊಂದು ಪ್ಲಾಸ್ಟಿಕ್ ಡಬ್ಬಿ ತೊಡಿಸಿ ಗೋಡೆಗೆ ನೇತುಹಾಕುವವರನ್ನು ಕಂಡಿದ್ದೇನೆ. ಮ್ಯಾಟೆಲ್ 1995ರಲ್ಲಿ ‘ಟ್ರೆಷರ್ ಹಂಟ್’ ಎಂಬ ಹನ್ನೆರಡು ಕಾರುಗಳನ್ನು ತಲಾ 10,000 ಮಾತ್ರ ಮಾಡಿ ಸಾಮಾನ್ಯ ಕಾರುಗಳ ನಡುವೆ ಬೆರೆಸಿ ಕಳಿಸಿತು. ಅಲ್ಲಿಂದಾಚೆಗೆ ವಿರಳತೆ ಎನ್ನುವುದು ಕಾಲ ಕೊಡುವ ಗುಣವಾಗಿ ಉಳಿಯಲಿಲ್ಲ, ಕಾರ್ಖಾನೆಯಲ್ಲೇ ತಯಾರಾಗುವ ಗುಣವಾಯಿತು. ಬೆಂಗಳೂರಿನ ಅಂಗಡಿಗಳಲ್ಲೂ ಈಗ ಬೆಳಗ್ಗೆ ಬಾಗಿಲು ತೆಗೆಯುವಾಗಲೇ ಇಬ್ಬರು ಮೂವರು ನಿಂತಿರುತ್ತಾರೆ. ಹೊಸ ರಟ್ಟಿನ ಪೆಟ್ಟಿಗೆ ಒಡೆದ ಕೂಡಲೇ ಅವರು ಬೇಕಾದ್ದನ್ನು ಗೋರಿಕೊಂಡು ಸಂಜೆಯೊಳಗೆ ಮೂರು ಪಟ್ಟು ಬೆಲೆಗೆ ಮಾರಲು ಇಡುತ್ತಾರೆ. ಅಪ್ಪನ ಕೈ ಹಿಡಿದು ಭಾನುವಾರ ಬರುವ ಮಗುವಿಗೆ ಸಿಗುವುದು ಅವರು ಬಿಟ್ಟದ್ದು.

ಹಾಟ್ ವೀಲ್ಸ್ ಬಂದ 1968ರಲ್ಲೇ ಪ್ಯಾರಿಸ್ಸಿನಲ್ಲಿ ಬೋದ್ರಿಯಾರ್‌ನ ‘ವಸ್ತುಗಳ ವ್ಯವಸ್ಥೆ’ ಪ್ರಕಟವಾಯಿತು. ವಸ್ತುವಿಗೆ ಎರಡೇ ಗತಿ, ಒಂದೋ ಬಳಕೆ, ಇಲ್ಲವೇ ಒಡೆತನ. ಸಂಗ್ರಹ ಎನ್ನುವುದು ಬಳಕೆಯನ್ನು ಪೂರ್ತಿ ಕಳಚಿದ ಒಡೆತನ. ಕೊನೆಗೆ ಸಂಗ್ರಾಹಕ ಕೂಡಿಡುವುದು ತನ್ನನ್ನೇ ಎಂದು ಅವನು ಹೇಳಿದ. ಗೋಡೆಗೆ ನೇತುಬಿದ್ದ ಕಾರ್ಡುಗಳನ್ನು ನೋಡಿದಾಗ ಅವನ ಮಾತು ಎಷ್ಟು ನಿಜ ಅನ್ನಿಸುತ್ತದೆ. ಸೂಸನ್ ಸ್ಟುವರ್ಟ್ 1984ರಲ್ಲಿ ಇನ್ನೊಂದು ಕೋನದಿಂದ ಇದೇ ಜಾಗಕ್ಕೆ ಬಂದರು. ಸಂಗ್ರಹವು ಇತಿಹಾಸದ ಜಾಗದಲ್ಲಿ ವರ್ಗೀಕರಣವನ್ನು ಕೂರಿಸುತ್ತದೆ, ಕಿರಿದಾದದ್ದು ಕಾಲವನ್ನು ನಿಲ್ಲಿಸುತ್ತದೆ ಎಂದರು. ಇಬ್ಬರೂ ತೀಕ್ಷ್ಣ ಓದುಗರು. ಆದರೆ ಇಬ್ಬರ ವಾದದಲ್ಲೂ ಕಾರ್ಡನ್ನು ಹರಿಯುವವನಿಗೆ ಜಾಗವಿಲ್ಲ. ಕಾರನ್ನು ಹೊರತೆಗೆದು, ಅಂಗೈ ಮೇಲೆ ಎರಡು ಸಲ ಉರುಳಿಸಿ, ಚಕ್ರ ಒಂದು ಕಡೆಗೆ ಎಳೆಯುತ್ತದೆಯೇ ನೋಡಿ, ತಳ ಓದಿ, ಆಮೇಲೆ ಕಪಾಟಿನಲ್ಲಿಡುವವನು ಬಳಕೆದಾರನೋ ಒಡೆಯನೋ? ಅವನು ಮಾಡಿದ್ದು ಆಟವೂ ಅಲ್ಲ, ಬರೀ ಒಡೆತನವೂ ಅಲ್ಲ. ಪುಸ್ತಕ ಓದಿ ಮತ್ತೆ ಕಪಾಟಿನಲ್ಲಿಡುವವನಿಗೆ ನಾವು ಯಾವ ಹೆಸರು ಕೊಡುತ್ತೇವೋ ಅದೇ ಇವನಿಗೂ ಸಲ್ಲಬೇಕು.

ವಾಲ್ಟರ್ ಬೆನ್ಯಮಿನ್ 1931ರಲ್ಲಿ ತನ್ನ ಪುಸ್ತಕಗಳನ್ನು ಪೆಟ್ಟಿಗೆಯಿಂದ ತೆಗೆಯುತ್ತ ಬರೆದ ಪ್ರಬಂಧದಲ್ಲಿ ಅನಾತೋಲ್ ಫ್ರಾನ್ಸನ ಒಂದು ಪ್ರಸಂಗ ಬರುತ್ತದೆ. ಇಷ್ಟೆಲ್ಲ ಪುಸ್ತಕ ಓದಿದ್ದೀರಾ ಎಂದು ಕೇಳಿದವನಿಗೆ, ಹತ್ತರಲ್ಲೊಂದು ಪಾಲೂ ಇಲ್ಲ, ನೀವು ಬೆಲೆಬಾಳುವ ಪಿಂಗಾಣಿಯಲ್ಲಿ ದಿನವೂ ಊಟ ಮಾಡುತ್ತೀರಾ ಎಂದು ಅವನು ಮರುಪ್ರಶ್ನೆ ಹಾಕುತ್ತಾನೆ. ಕಾರ್ಡು ಒಡೆಯದವರ ಪರವಾಗಿ ಇದಕ್ಕಿಂತ ಒಳ್ಳೆಯ ವಾದವಿಲ್ಲ. ಆದರೂ ಆ ಪ್ರಬಂಧದ ತೂಕ ಇರುವುದು ಪುಸ್ತಕಗಳು ಪೆಟ್ಟಿಗೆಯಿಂದ ಹೊರಬರುವ ಕ್ಷಣದಲ್ಲಿ. ಪ್ರತಿಯೊಂದನ್ನೂ ಕೈಗೆತ್ತಿಕೊಂಡಾಗ ಅದು ಸಿಕ್ಕ ಊರು, ಹರಾಜು, ಅಂಗಡಿ ನೆನಪಾಗುತ್ತ ಹೋಗುತ್ತದೆ. ಪೆಟ್ಟಿಗೆ ಮುಚ್ಚಿಯೇ ಇದ್ದಿದ್ದರೆ ಪ್ರಬಂಧವೂ ಇರುತ್ತಿರಲಿಲ್ಲ. ಓರ್ಹಾನ್ ಪಾಮುಕ್‌ನ ‘ಮುಗ್ಧತೆಯ ಸಂಗ್ರಹಾಲಯ’ದ ನಾಯಕ ಪ್ರೇಯಸಿ ಸೇದಿ ಬಿಸುಟ 4,213 ಸಿಗರೇಟಿನ ತುಂಡುಗಳನ್ನು ಕೂಡಿಡುತ್ತಾನೆ. ಅವನದು ಹುಚ್ಚೇ ಸರಿ. ಆದರೆ ಅವನು ಕೂಡಿಟ್ಟದ್ದರ ಮೇಲೆಲ್ಲ ಬೆರಳಿನ, ತುಟಿಯ ಗುರುತಿದೆ. ಯಾರೂ ಮುಟ್ಟದ ಸಿಗರೇಟಿನ ಪ್ಯಾಕು ಅವನಿಗೆ ಏನೂ ಅಲ್ಲ.

ನನ್ನ ವಾದಕ್ಕೆ ನಿಜವಾದ ತೊಡಕು ಬರುವುದು ರೋಲಾ ಬಾರ್ತ್‌ನಿಂದ. 1957ರ ‘ಮಿಥಾಲಜೀಸ್’ನಲ್ಲಿ ಆಟಿಕೆಗಳ ಬಗ್ಗೆ ಎರಡು ಮೂರು ಪುಟದ ಟಿಪ್ಪಣಿಯಿದೆ. ದೊಡ್ಡವರ ಲೋಕವನ್ನೇ ಕುಗ್ಗಿಸಿ ಮಗುವಿನ ಕೈಗೆ ಕೊಟ್ಟರೆ ಮಗು ಒಡೆಯನಾಗುತ್ತದೆ, ಬಳಕೆದಾರನಾಗುತ್ತದೆ, ಸೃಷ್ಟಿಸುವವನಾಗುವುದಿಲ್ಲ ಎಂಬುದು ಅವನ ದೂರು. ಪ್ಲಾಸ್ಟಿಕ್ಕು ಮತ್ತು ಲೋಹ ತಣ್ಣಗಿನವು, ಮರ ಬೆಚ್ಚಗಿನದು, ಕೈಯೊಂದಿಗೆ ಮುದಿಯಾಗುವಂಥದು ಎಂದೂ ಅವನು ಹೇಳುತ್ತಾನೆ. ಚನ್ನಪಟ್ಟಣದ ಆಲೆಮರದ ಗೊಂಬೆ ಹಿಡಿದು ಬೆಳೆದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಅರಗಿನ ಬಣ್ಣ ಮೆತ್ತಿ ಕಡೆದ ಆ ಬಂಡಿ ಯಾವ ಕಂಪನಿಯ ಬಂಡಿ ಎಂದು ಯಾರೂ ಕೇಳುವುದಿಲ್ಲ. ಅದು ಬಂಡಿ, ಅಷ್ಟೇ. ಉಳಿದದ್ದು ಮಗು ತುಂಬಿಕೊಳ್ಳಬೇಕು. ನನ್ನ ಕಪಾಟಿನಲ್ಲಿ ಒಂಬತ್ತು ಶೆವ್ರೊಲೆ ಕ್ಯಾಮೆರೋ ಇವೆ. ನಾನು ಜೀವನದಲ್ಲಿ ಒಮ್ಮೆಯೂ ನಿಜವಾದ ಕ್ಯಾಮೆರೋ ಹತ್ತಿಲ್ಲ. ಮದುವೆ, ಆಸ್ಪತ್ರೆ, ಸ್ಮಶಾನ ಎಲ್ಲದಕ್ಕೂ ನಮ್ಮನ್ನು ಹೊತ್ತೊಯ್ದ ಪ್ರೀಮಿಯರ್ ಪದ್ಮಿನಿ ಒಂದೂ ಇಲ್ಲ. ಬಾರ್ತ್ ಹೇಳಿದ ದೊಡ್ಡವರ ಲೋಕ ನನ್ನ ವಿಷಯದಲ್ಲಿ ನನ್ನ ದೊಡ್ಡವರದ್ದೂ ಅಲ್ಲ. ಇನ್ಯಾರದೋ ಹೆದ್ದಾರಿಯ ಹಂಬಲವನ್ನು ನಾನು ನೂರೈವತ್ತು ಇನ್ನೂರು ರೂಪಾಯಿಯ ಲೆಕ್ಕದಲ್ಲಿ ಕೊಂಡುಕೊಂಡಿದ್ದೇನೆ. ಇದಕ್ಕೆ ನನ್ನಲ್ಲಿ ಪೂರ್ತಿ ಸಮಾಧಾನವಿಲ್ಲ.

ಅರೆ ಸಮಾಧಾನ ಕೊಡುವುದು ಕಲ್ಕತ್ತೆಯ ಒಂದು ಅಧ್ಯಾಯ. ಲಿವರ್‌ಪೂಲಿನಲ್ಲಿ ಡಿಂಕಿ ಕಾರುಗಳನ್ನು ಮಾಡುತ್ತಿದ್ದ ಮೆಕಾನೋ ಕಂಪನಿ 1960ರ ದಶಕದ ಕೊನೆಯ ಹೊತ್ತಿಗೆ ತನಗೆ ಬೇಡವಾದ ಕೆಲವು ಅಚ್ಚುಗಳನ್ನು ಕಲ್ಕತ್ತೆಗೆ ಮಾರಿತು. ಅಲ್ಲಿ ತಳದ ಮೇಲಿದ್ದ ‘ಡಿಂಕಿ’ ಎಂಬ ಹೆಸರನ್ನು ಅಳಿಸಿ ‘ನಿಕ್ಕಿ’ ಎಂದು ಕೂಡಿಸಿದರು. ದಪ್ಪ ಬಣ್ಣ, ಒರಟು ಅಂಚು. ಬಹಳ ಕಾಲ ಇವನ್ನು ಕೆಳದರ್ಜೆಯ ನಕಲು ಎಂದೇ ನೋಡುತ್ತಿದ್ದರು, ಈಗ ವಿದೇಶದ ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ನನಗೆ ಇಲ್ಲಿ ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ನೆನಪಾಗುತ್ತದೆ. ಹೋಲಿಕೆಗಲ್ಲ, ವ್ಯತ್ಯಾಸಕ್ಕೆ. ಶ್ರೀಯವರು ಇಂಗ್ಲಿಷಿನ ಎರಕದ್ರವವನ್ನು ತಂದು ಹೊಸ ಕನ್ನಡ ಅಚ್ಚುಗಳನ್ನು ತಾವೇ ಕೊರೆದುಕೊಂಡರು. ನಿಕ್ಕಿಯವರು ಅಚ್ಚನ್ನೇ ಹಾಗೇ ಉಳಿಸಿಕೊಂಡು ಇಲ್ಲಿನ ಲೋಹ ಸುರಿದರು. ಮೊದಲನೆಯದರಿಂದ ಒಂದು ಕಾವ್ಯಮಾರ್ಗ ಹುಟ್ಟಿತು. ಎರಡನೆಯದು ಕುತೂಹಲದ ವಸ್ತುವಾಗಿ ನಿಂತಿತು. ಅಚ್ಚು ಯಾರದು ಎನ್ನುವುದು ಸಣ್ಣ ಪ್ರಶ್ನೆಯಲ್ಲ.

ಆ ಲೆಕ್ಕದಲ್ಲಿ ನೋಡಿದರೆ ಸೆಂಟಿ ಕಂಪನಿಯ ಪ್ಲಾಸ್ಟಿಕ್ ಆಟೊರಿಕ್ಷಾ ಮತ್ತು ಅಂಬಾಸಡರ್ ಹೆಚ್ಚು ಗೌರವಕ್ಕೆ ಅರ್ಹ. ಹಿಂದಕ್ಕೆಳೆದು ಬಿಟ್ಟರೆ ಮುಂದೆ ಓಡುವ ಆ ಗಾಡಿಗಳನ್ನು ಲೋಹದ ಕಾರು ಕೂಡಿಡುವವರು ಮೂಸಿಯೂ ನೋಡುವುದಿಲ್ಲ. ಬಾರ್ತ್‌ನಿಗೂ ಪ್ಲಾಸ್ಟಿಕ್ ಹಿಡಿಸುತ್ತಿರಲಿಲ್ಲ. ಆದರೆ ನಮ್ಮ ಬೀದಿಯನ್ನು ನೋಡಿ, ಯಾವ ಗೆರೆ ಉಳಿಸಬೇಕು ಯಾವುದನ್ನು ಬಿಡಬೇಕು ಎಂದು ಯಾರೋ ಇಲ್ಲೇ ಕೂತು ಯೋಚಿಸಿದ್ದಾರೆ. ಆಟೊ ಮೂತಿಯ ಆ ತುಸು ಬಾಗಿದ ಮುಖಭಾವ ಅದರಲ್ಲಿದೆ.

ಸಂಗ್ರಹ ಎಂದರೆ ಗಾಜಿನ ಕಪಾಟು ಎಂದುಕೊಳ್ಳುವುದು ಯುರೋಪಿನ ಸಿದ್ಧಾಂತಿಗಳ ಅಭ್ಯಾಸ. ಹಳೆ ಮೈಸೂರಿನ ಕಡೆ ಇನ್ನೊಂದು ರೂಢಿ ಇದೆ. ನವರಾತ್ರಿಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಕೆಳಗೆ ದೇವರುಗಳು, ಇನ್ನೂ ಕೆಳಗೆ ಶೆಟ್ಟಿ-ಶೆಟ್ಟಿತಿ, ದಿನಸಿ ಅಂಗಡಿ, ನೆಲದ ಮೇಲೆ ರಾಗಿ ಪೈರಿನ ತೋಟ, ಪಾರ್ಕು, ರಸ್ತೆ. ಆ ರಸ್ತೆಯ ಮೇಲೆ ಮಕ್ಕಳ ಕಾರುಗಳು. ಅಲ್ಲಿ ಅಳತೆಯ ಗೊಡವೆ ಯಾರಿಗೂ ಇಲ್ಲ. ಶೆಟ್ಟಿಯ ಹೊಟ್ಟೆ ಲಾರಿಗಿಂತ ದೊಡ್ಡದಿರುತ್ತದೆ. ಇದೂ ಸಂಗ್ರಹವೇ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ಮಗಳಿಗೆ ಬಂದದ್ದು, ವರ್ಷಕ್ಕೊಂದಾದರೂ ಹೊಸದು ಸೇರಬೇಕಾದದ್ದು. ಆದರೆ ಒಂಬತ್ತು ದಿನ ಹೊರಗಿಟ್ಟು, ಬೀದಿಯ ಮಕ್ಕಳಿಗೆಲ್ಲ ತೋರಿಸಿ, ಗೊಂಬೆ ಬಾಗಿನ ಕೊಟ್ಟು, ಆಮೇಲೆ ಹಳೆ ಪಂಚೆಯಲ್ಲಿ ಸುತ್ತಿ ಪೆಟ್ಟಿಗೆಗಿಡುತ್ತಾರೆ. ಪ್ರತಿ ವರ್ಷ ಒಂದಾದರೂ ಕೈ ಮುರಿಯುತ್ತದೆ. ಗೋಂದು ಹಾಕಿ ಮತ್ತೆ ಕೂರಿಸುತ್ತಾರೆ. ಬೋದ್ರಿಯಾರ್ ಈ ಮೆಟ್ಟಿಲುಗಳ ಮುಂದೆ ಒಂದು ಸಂಜೆ ಕೂತು ಕೋಸಂಬರಿ ತಿಂದಿದ್ದರೆ ಬಳಕೆ ಮತ್ತು ಒಡೆತನದ ನಡುವೆ ಅಷ್ಟು ನೇರ ಗೆರೆ ಎಳೆಯುತ್ತಿರಲಿಲ್ಲವೇನೋ.

ಮುಚ್ಚಿಟ್ಟರೆ ಉಳಿಯುತ್ತದೆ ಎಂಬ ನಂಬಿಕೆಗೆ ಲೋಹವೂ ಪೂರ್ತಿ ಒಪ್ಪುವುದಿಲ್ಲ. ಈ ಕಾರುಗಳ ಮಿಶ್ರಲೋಹಕ್ಕೆ ಜಮಾಕ್ ಎಂದು ಹೆಸರು: ಸತು, ಅಲ್ಯೂಮಿನಿಯಂ, ಮೆಗ್ನೀಸಿಯಂ, ತಾಮ್ರ ಇವುಗಳ ಜರ್ಮನ್ ಹೆಸರುಗಳ ಮೊದಲಕ್ಷರ ಕೂಡಿಸಿದ್ದು. ಎರಕ ಹೊಯ್ಯುವಾಗ ಸೀಸದ ಕಲಬೆರಕೆ ಒಂದಿಷ್ಟು ಸೇರಿದರೆ ಸಾಕು, ವರ್ಷಗಳ ಮೇಲೆ ಒಳಗಿನಿಂದಲೇ ಬಿರುಕು ಬಿಡುತ್ತ, ಉಬ್ಬುತ್ತ, ಕೊನೆಗೆ ಪುಡಿಯಾಗುತ್ತದೆ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಎಷ್ಟೋ ಡಿಂಕಿ ಕಾರುಗಳು ಮಗುವಿನ ಕೈ ತಾಗದೆ, ಡಬ್ಬಿಯೊಳಗೆ ಮಲಗಿದ್ದಲ್ಲೇ ಹೀಗೆ ಉದುರಿಹೋಗಿವೆ. ಇದಕ್ಕೆ ಮದ್ದಿಲ್ಲ. ರೋಗ ಎರಕದ ದಿನವೇ ಒಳಗಿರುತ್ತದೆ.

ನನ್ನಲ್ಲಿ ಕಾರ್ಡು ಹರಿಯದೆ ಉಳಿದದ್ದು ಹನ್ನೊಂದು ಇದ್ದವು. ಈ ಲೇಖನ ಬರೆಯುತ್ತ ಏಳನ್ನು ತೆರೆದಿದ್ದೇನೆ. ಒಂದು ಹಳದಿ ವ್ಯಾನಿನ ಹಿಂದಿನ ಚಕ್ರ ಸೊಟ್ಟಗಿದೆ, ಮೇಜಿನ ಮೇಲೆ ಬಿಟ್ಟರೆ ಎಡಕ್ಕೇ ಹೋಗುತ್ತದೆ. ಉಳಿದ ನಾಲ್ಕರ ಬಗ್ಗೆ ಇನ್ನೂ ಯೋಚಿಸುತ್ತಿದ್ದೇನೆ. ಅವುಗಳಲ್ಲೊಂದಕ್ಕೆ ಈಗ ಒಳ್ಳೆಯ ಬೆಲೆ ಇದೆಯಂತೆ.